ಬೀಗರ ಪಾಲಿನ ಗುಳಿಗೆ

ನಮ್ಮ ಕಡೆ ಎದೆನೋವು ಅಂತ ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಗ್ಯಾಸ್ ಅಂತ ಬರುತ್ತಾರೆ. ಕೂಡ್ಲಿಗಿಯವರಿಗೆ ಬದನೆಕಾಯಿಯಿಂದ ಗ್ಯಾಸ್, ಕೊಟ್ಟೂರಿನವರಿಗೆ ಮಿರ್ಚಿಯಿಂದ ಗ್ಯಾಸ್, ಹಡಗಲಿಯವರಿಗೆ ಹಿಂದಿನ ದಿನದ ಹೋಳಿಗೆಯಿಂದ ಗ್ಯಾಸ್. ಎಡಗೈ ಜೋಮು ಹಿಡಿದಿರಲಿ, ಅಂಗಿ ಬೆವರಿನಲ್ಲಿ ತೊಯ್ದಿರಲಿ, ಮನುಷ್ಯ ಮಂಚದ ಮೇಲೆ ಮಲಗಲು ಒಪ್ಪುವುದಿಲ್ಲ. ಒಂದು ಸೋಡಾ ಕುಡಿದರೆ ಹೋಗುತ್ತದೆ ಎಂದು ನಮಗೇ ಚಿಕಿತ್ಸೆ ಹೇಳಿಕೊಡುತ್ತಾನೆ. ಜೊತೆಗೆ ಬಂದವರು ಅಷ್ಟರಲ್ಲಾಗಲೇ ಎರಡು ಸೋಡಾ ಕುಡಿಸಿ ಕರೆತಂದಿರುತ್ತಾರೆ.

ನಾನು ಗಿರಿಜಮ್ಮ, ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸುತ್ತಿ ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ನಿವೃತ್ತಳಾದೆ. ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು ಮನೆಗೆ ಬಂದರೆ, ಚಹಾ ಕುಡಿಯುತ್ತಾ ಏನಾದರೂ ಹೇಳಿ ಅಕ್ಕಾ ಎನ್ನುತ್ತಾರೆ. ನನ್ನ ಬಡ್ತಿಯ ಕಥೆ ಹೇಳುವುದಿಲ್ಲ. ಬಡ್ತಿ ಬಂದಾಗ ಸಹಿ ಹಾಕುವ ಹಾಳೆಗಳು ಹೆಚ್ಚಾದವು, ಅಷ್ಟೇ. ಹೃದಯದ ರಕ್ತನಾಳ ಕಟ್ಟಿಕೊಂಡವರನ್ನು ದೊಡ್ಡ ಊರಿಗೆ ಕಳಿಸುವ ಮೊದಲು ರಕ್ತ ತೆಳುವಾಗಿಸುವ ಔಷಧ ಕೊಡುತ್ತೀರಲ್ಲ, ಅದೊಂದರ ಬಗ್ಗೆಯೇ ಹೇಳುತ್ತೇನೆ. ನಿಮ್ಮ ಪಾಠದ ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟವಿದೆ. ಆ ಅರ್ಧ ಪುಟ ಬರೆದ ಪುಣ್ಯಾತ್ಮ ನಮ್ಮ ಕಡೆಗೆ ಬಂದವನಲ್ಲ.

ನಾನು ಕೆಲಸ ಕಲಿತದ್ದು ಕೂಡ್ಲಿಗಿಯಲ್ಲಿ. ಆಗ ಹೃದಯಾಘಾತಕ್ಕೆಂದು ನಮ್ಮಲ್ಲಿದ್ದದ್ದು ನಾಲಿಗೆಯಡಿ ಇಡುವ ಒಂದು ಗುಳಿಗೆ, ಒಂದು ಆಮ್ಲಜನಕದ ಸಿಲಿಂಡರು, ಅದರ ಚಾವಿ ಕಾಣೆಯಾದಾಗ ಹುಡುಕಲು ಒಬ್ಬ ಆಯಾ. ಇಸಿಜಿ ಯಂತ್ರವೂ ಇತ್ತು. ಕಾಗದ ಇದ್ದಾಗ ಕರೆಂಟ್ ಇರುತ್ತಿರಲಿಲ್ಲ, ಕರೆಂಟ್ ಇದ್ದಾಗ ಕಾಗದ ಇರುತ್ತಿರಲಿಲ್ಲ. ರೋಗಿಯನ್ನು ಹೆದ್ದಾರಿಯಲ್ಲಿ ಸಿಕ್ಕ ಜೀಪಿಗೆ ಹತ್ತಿಸಿ ಬಳ್ಳಾರಿಗೆ ಕಳಿಸಿ, ಮುಂದಿನದನ್ನು ದೇವರ ಮೇಲೆ ಹಾಕುತ್ತಿದ್ದೆವು.

ಅಲ್ಲಿನ ದೊಡ್ಡ ಡಾಕ್ಟರು ಮಹಾ ಸಿಟ್ಟಿನ ಮನುಷ್ಯ. ಕುತ್ತಿಗೆಯ ಸ್ಟೆತಸ್ಕೋಪು ತೆಗೆದು ಮೇಜಿನ ಮೇಲಿಟ್ಟರೆಂದರೆ ನಾವೆಲ್ಲ ಹೊರಗೆ ಹೋಗಬೇಕು ಎಂದರ್ಥ. ಎದೆನೋವಿನವರಿಗೆ ಆಸ್ಪಿರಿನ್ ಗುಳಿಗೆಯನ್ನು ಅಗಿಯಲು ಕೊಡಿ ಎಂದು ನಮಗೆ ಮೊದಲು ಹೇಳಿಕೊಟ್ಟವರು ಅವರೇ. ಆಗ ಆ ಗುಳಿಗೆಯನ್ನು ಜನ ತಲೆನೋವಿಗೆ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಒಂದು ದಿನ ಒಬ್ಬ ರೋಗಿಯ ಅಣ್ಣ ತಮ್ಮಂದಿರು ಬಾಗಿಲಲ್ಲಿ ಗಲಾಟೆ ಎಬ್ಬಿಸಿದರು. ಎದೆನೋವಿಗೆ ತಲೆನೋವಿನ ಗುಳಿಗೆ ಕೊಟ್ಟು ಸಾಗಹಾಕುತ್ತಿದ್ದಾರೆ, ಒಳ್ಳೆಯ ಔಷಧ ಒಳಗೆ ಮುಚ್ಚಿಟ್ಟಿದ್ದಾರೆ ಎಂದು ಅವರ ವಾದ. ಡಾಕ್ಟರು ಸ್ಟೆತಸ್ಕೋಪು ತೆಗೆದು ಮೇಜಿನ ಮೇಲಿಟ್ಟರು. ನಾವು ಹೊರಗೆ ಹೊರಟೆವು.

'ಎದಿ ನೋವು ಅವಂದು, ತಲಿ ನೋವು ನಂದು. ಎರಡಕ್ಕೂ ಇದ ಗುಳಿಗಿ ಐತಿ' ಎಂದು ತಾವೂ ಒಂದು ಬಾಯಿಗೆ ಹಾಕಿಕೊಂಡು ಅಗಿದರು. ಗಲಾಟೆ ನಿಂತಿತು. ಡಾಕ್ಟರೇ ತಿಂದ ಮೇಲೆ ಅದು ಒಳ್ಳೆಯ ಔಷಧವೇ ಇರಬೇಕೆಂದು ಅಣ್ಣ ತಮ್ಮಂದಿರು ತಮಗೂ ಒಂದೊಂದು ಕೇಳಿದರು.

ಆಮೇಲೆ ಕಾಲ ಬದಲಾಯಿತು. ಹೆಪ್ಪು ಕರಗಿಸುವ ಇಂಜೆಕ್ಷನ್ ಬಂತು, ಒಳಗೇ ಮಂಚವಿರುವ ಆಂಬುಲೆನ್ಸ್ ಬಂತು, ಎಲ್ಲರ ಕೈಗೂ ಮೊಬೈಲು ಬಂತು. ಈಗ ಇಸಿಜಿಯ ಫೋಟೋ ತೆಗೆದು ದಾವಣಗೆರೆಯ ಹೃದಯದ ಡಾಕ್ಟರಿಗೆ ಕಳಿಸಿದರೆ ನಾವು ಗಾದಿ ಸರಿಮಾಡುವಷ್ಟರಲ್ಲಿ ಉತ್ತರ ಬರುತ್ತದೆ. ಲೋಡ್ ಮಾಡಿ ಕಳಿಸಿ, ಅಂದರೆ ಮೊದಲ ದೊಡ್ಡ ಪ್ರಮಾಣದ ಗುಳಿಗೆ ಕೊಟ್ಟು ಕಳಿಸಿ ಅನ್ನುತ್ತಾರೆ. ಆಸ್ಪಿರಿನ್ ಒಂದು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಲಾಬಿ ಬಣ್ಣದ ಗುಳಿಗೆ ನಾಲ್ಕು, ಕೊಬ್ಬಿಗೆ ಬೇರೆ. ಎಲ್ಲ ಸೇರಿ ಒಂದು ಮುಷ್ಟಿ. ಯಾಕೆ ಅಷ್ಟು ಅಂದರೆ, ದಾವಣಗೆರೆಯಲ್ಲಿ ಕಟ್ಟಿಕೊಂಡ ನಾಳವನ್ನು ಬಲೂನಿನಿಂದ ಬಿಡಿಸಿ, ಅದು ಮತ್ತೆ ಕುಸಿಯದಿರಲೆಂದು ಸ್ಟೆಂಟ್ ಎಂಬ ಸಣ್ಣ ಲೋಹದ ಜಾಲರಿ ಇಡುತ್ತಾರೆ. ಮೈಗೆ ಅದು ಹೊರಗಿನ ವಸ್ತು. ಅದರ ಮೇಲೂ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಈ ಗುಳಿಗೆ ಮೊದಲೇ ಹೊಟ್ಟೆ ಸೇರಿರದಿದ್ದರೆ, ಬಿಡಿಸಿದ ದಾರಿ ಅಲ್ಲೇ ಮುಚ್ಚಿ ಮನುಷ್ಯ ಮೇಜಿನ ಮೇಲೇ ಹೋಗಬಹುದು.

ಇಷ್ಟನ್ನು ರೋಗಿಗೆ ಹೇಳಬೇಕಲ್ಲ, ಅಲ್ಲಿದೆ ನಮ್ಮ ಫಜೀತಿ. ಹರಪನಹಳ್ಳಿಯಲ್ಲಿ ಕುರಿ ಸಾಕುವ ಒಬ್ಬನನ್ನು ಕರೆತಂದಿದ್ದರು. ರಕ್ತ ತೆಳುವಾಗಲು ಗುಳಿಗೆ ಕೊಡುತ್ತೇವೆ ಎಂದೆ. ಹೆಂಡತಿ ದುರುಗವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು. 'ಜೋಳ, ಹಾಲು, ಬಾಡು ಹಾಕಿ ನಾನು ಗಟ್ಟಿ ಮಾಡಿಟ್ಟ ರಕ್ತಾನ ನೀವು ಒಂದು ಗಳಿಗೆಗೆ ತೆಳ್ಳಗೆ ಮಾಡ್ತೀರೇನ್ರಿ?' ಎಂದಳು. ಅವಳ ದೃಷ್ಟಿಯಲ್ಲಿ ನಾನು ಹಾಲಿಗೆ ನೀರು ಬೆರೆಸುವ ಗೌಳಿಗಿಂತ ಕಡೆ. ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೊನೆಗೆ ನನಗೆ ಹೊಳೆಯಿತು. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತೀಯಲ್ಲವ್ವಾ, ಅವನ ಎದೆಯೊಳಗೆ ಯಾರೋ ಹೆಪ್ಪು ಹಾಕಿಬಿಟ್ಟಿದ್ದಾರೆ, ಗಟ್ಟಿಯಾಗುವುದರೊಳಗೆ ತಡೆಯಬೇಕು ಅಂದೆ. ದುರುಗವ್ವನಿಗೆ ತಕ್ಷಣ ತಿಳಿಯಿತು. ಕುರಿಗೆ ಔಷಧ ಕುಡಿಸಿ ಪಳಗಿದ ಕೈ. ಗಂಡನ ದವಡೆಯನ್ನು ಎರಡು ಬೆರಳಿನಿಂದ ಅಗಲಿಸಿ, ಗುಳಿಗೆ ಒಳಗೆ ತಳ್ಳಿ, ಗಂಟಲು ಸವರಿ ನುಂಗಿಸಿದಳು. ಆದರೆ 'ಯಾರೋ' ಎಂದದ್ದು ನನ್ನ ಅತಿಬುದ್ಧಿ. ಅದು ಜೊತೆಗೆ ಬಂದಿದ್ದ ಓರಗಿತ್ತಿಯದೇ ಕೆಲಸ ಎಂದು ದುರುಗವ್ವ ಅಲ್ಲೇ ಆಸ್ಪತ್ರೆಯ ಅಂಗಳದಲ್ಲಿ ಅವಳ ಜುಟ್ಟು ಹಿಡಿದಳು. ಗಂಡ ಹುಷಾರಾಗಿ ಮನೆಗೆ ಬಂದರೂ ಆ ಜಗಳ ಹುಷಾರಾಗಲಿಲ್ಲವಂತೆ.

ಹಡಗಲಿಯದು ಇನ್ನೊಂದು. ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಯ ಚರ್ಮಕ್ಕೆ ಕೊಡುವ ಇಂಜೆಕ್ಷನ್ ಇದೆ, ಹೆಪಾರಿನ್ ಜಾತಿಯದು. ಮಲ್ಲಿಗೆ ಬೆಳೆಯುವ ಒಬ್ಬ ಯಜಮಾನರಿಗೆ ಅದನ್ನು ಕೊಡಲು ಹೊಕ್ಕುಳಿನ ಪಕ್ಕ ಚರ್ಮ ಹಿಡಿದೆ. ಅವರು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು, ತಮಗೆ ನಾಯಿ ಕಚ್ಚಿಲ್ಲ ಎಂದು ಆಣೆ ಮಾಡಿದರು. ಹಿಂದೆ ಹುಚ್ಚುನಾಯಿ ಕಚ್ಚಿದವರಿಗೆ ಹೊಕ್ಕುಳ ಸುತ್ತ ಇಂಜೆಕ್ಷನ್ ಕೊಡುತ್ತಿದ್ದುದು ಆ ತಲೆಮಾರಿನವರಿಗೆ ಚೆನ್ನಾಗಿ ನೆನಪಿದೆ. ಇದು ಎದೆಯದು ಯಜಮಾನರೇ ಎಂದರೆ, ಎದೆಯದು ಎದೆಗೆ ಕೊಡಬೇಕಲ್ಲ ಎಂದರು. ನ್ಯಾಯವಾದ ಮಾತೇ. ಹೇಗೋ ಕೊಟ್ಟೆ. ಮರುದಿನ ಅವರ ಊರಿನಿಂದ ನೋಡಲು ಬಂದವರೆಲ್ಲ ಒಂದೇ ಸಮಾಚಾರ ತಂದರು. ತೋಟದ ಪಕ್ಕದ ಮನೆಯವರ ನಾಯಿಯನ್ನು ಹಿಡಿದು ಕಟ್ಟಿಹಾಕಿ, ಅದಕ್ಕೆ ಹುಚ್ಚಿದೆಯೋ ಇಲ್ಲವೋ ಎಂದು ಊರವರು ಕಾಯುತ್ತಿದ್ದರಂತೆ. ಪಾಪ, ಆ ನಾಯಿಗೂ ಇವರ ರಕ್ತನಾಳಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಇವೆಲ್ಲ ನಕ್ಕು ಬಿಡುವಂಥವು. ಈಗ ಹೇಳುವುದು ಮಾತ್ರ ನನಗೆ ಬೆವರಿಳಿಸಿದ ಪ್ರಸಂಗ. ನಡೆದದ್ದು ಹಗರಿಬೊಮ್ಮನಹಳ್ಳಿಯಲ್ಲಿ, ನನ್ನ ನಿವೃತ್ತಿ ಹತ್ತಿರ ಬಂದಿದ್ದಾಗ. ಹೆಸರುಗಳನ್ನು ಬದಲಿಸಿದ್ದೇನೆ.

ಕೊಟ್ರಪ್ಪ ಸಾವ್ಕಾರರು ಅಲ್ಲಿನ ಶೇಂಗಾ ವ್ಯಾಪಾರಿ, ನಮ್ಮ ಓಣಿಯ ತುದಿಯಲ್ಲೇ ಅವರ ಮನೆ. ಅವರ ಸೊಸೆ ಲೀಲಾ ನನಗೆ ಬಹಳ ಬೇಕಾದ ಹುಡುಗಿ, ಸಂಜೆ ನಮ್ಮ ಮನೆಯ ಕಟ್ಟೆಗೆ ಬಂದು ಕೂರುವಳು. ಅವಳ ತಂದೆ ಸಿದ್ಧಲಿಂಗಪ್ಪನವರು ಹಡಗಲಿಯವರು. ಕೊಟ್ರಪ್ಪ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದ ದಿನ ಈ ಇಬ್ಬರು ಬೀಗರು ಮುನಿಸಿಕೊಂಡರು. ಕಾರಣ ಕೇಳಿದರೆ ನಗು ಬರುತ್ತದೆ. ಬೀಗರನ್ನು ಕೈ ಹಿಡಿದು ಕರೆದು, ಮೊದಲ ಪಂಕ್ತಿಯಲ್ಲಿ ಕೂರಿಸಿ, ಎದುರಿಗೆ ನಿಂತು ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಎಂದು ಉಪಚಾರ ಮಾಡಬೇಕು. ಅಂದು ಯಾರೋ ಅಧಿಕಾರಿಗಳು ಬಂದಿದ್ದರಿಂದ ಕೊಟ್ರಪ್ಪ ಅವರ ಹಿಂದೆ ಮುಂದೆ ಓಡಾಡುತ್ತಿದ್ದರು. ಬೀಗರು ಎರಡನೆಯ ಪಂಕ್ತಿಗೆ ಬಿದ್ದರು, ಬಡಿಸಿದವನು ಬಾಡಿಗೆಯ ಅಡುಗೆಯವನು. ಸಿದ್ಧಲಿಂಗಪ್ಪ ಹಸಿವಿಲ್ಲ ಎಂದು ಎಲೆ ಮಡಿಚಿ ಎದ್ದರು. ಕೊಟ್ರಪ್ಪನಿಗೂ ಸಿಟ್ಟು ಬಂತು, ಹಿಂದೆ ಹೋಗಿ ಕರೆಯಲಿಲ್ಲ.

ಅಂದಿನಿಂದ ಸಿದ್ಧಲಿಂಗಪ್ಪ ಮಗಳ ಮನೆಯಲ್ಲಿ ಹನಿ ನೀರು ಮುಟ್ಟಿರಲಿಲ್ಲ. ಮಗಳನ್ನು ನೋಡಲು ಬರುವರು, ಪಡಸಾಲೆಯಲ್ಲಿ ಕೂರುವರು, ಬಾಯಾರಿದರೆ ಚೀಲದಿಂದ ತಮ್ಮದೇ ಬಾಟಲಿ ತೆಗೆದು ಕುಡಿಯುವರು. ಲೀಲಾ ಚಹಾ ಮಾಡಿಟ್ಟರೆ ಅದು ಅಲ್ಲೇ ಆರುತ್ತಿತ್ತು. ಅಪ್ಪ ಬಂದು ಹೋದ ದಿನ ಅವಳು ನಮ್ಮ ಕಟ್ಟೆಗೆ ಬಂದು, ಆರಿಹೋದ ಆ ಚಹಾದ ಮಾತನ್ನೇ ಹೇಳುವಳು. ಗಂಡನಿಗೆ ಹೇಳುವಂತಿಲ್ಲ, ಮಾವನಿಗೆ ಹೇಳುವಂತಿಲ್ಲ, ಅಪ್ಪನಿಗಂತೂ ಹೇಳಿ ಹೇಳಿ ಸಾಕಾಗಿತ್ತು. ಆ ಇಬ್ಬರು ದೊಡ್ಡ ಮನುಷ್ಯರ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಕೊಟ್ರಪ್ಪನವರನ್ನು ಮಗ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಬಂದ. ಗ್ಯಾಸ್ ಎಂದೇ ಹೇಳಿದರು. ಇಸಿಜಿ ನೋಡಿದರೆ ದೊಡ್ಡ ಆಘಾತ. ಅಂದು ಡ್ಯೂಟಿಯಲ್ಲಿದ್ದದ್ದು ಮಂಗಳೂರು ಕಡೆಯಿಂದ ಹೊಸದಾಗಿ ಬಂದ ಚಿಕ್ಕ ಡಾಕ್ಟರು, ಜಾಣ, ಚುರುಕು. ಫೋಟೋ ಕಳಿಸಿದರು, ದಾವಣಗೆರೆಯ ಡಾಕ್ಟರು ಲೋಡ್ ಮಾಡಿ ಕೂಡಲೇ ಕಳಿಸಿ ಎಂದರು. ನಾನು ಆ ಕಡೆ ತಿರುಗಿ ಹೆಪಾರಿನ್ ತುಂಬುತ್ತಿದ್ದೆ. ಚಿಕ್ಕ ಡಾಕ್ಟರು ಗುಳಿಗೆಗಳನ್ನು ರೋಗಿಯ ಅಂಗೈಗೆ ಹಾಕಿ, ಎಲ್ಲ ಅಗಿದು ತಿನ್ನಿ ಎಂದು ಹೇಳಿದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಬಾಗಿಲಿಗೆ ಅಪಘಾತದವರನ್ನು ತಂದರು, ಡಾಕ್ಟರು ಅತ್ತ ಓಡಿದರು.

ಆ ಗಳಿಗೆಯಲ್ಲೇ ಒಳಗೆ ಬಂದವರು ಸಿದ್ಧಲಿಂಗಪ್ಪ. ಅವರು ಬೆಳಿಗ್ಗೆ ನಮ್ಮ ಆಸ್ಪತ್ರೆಯ ಎದುರಿನ ದವಾಖಾನೆಯಲ್ಲಿ ದವಡೆ ಹಲ್ಲು ಕೀಳಿಸಿಕೊಂಡು, ಬಸ್ಸಿಗೆ ಕಾಯುತ್ತಿದ್ದಾಗ ಬೀಗರ ಸುದ್ದಿ ತಿಳಿದು ಓಡಿಬಂದಿದ್ದರು. ಕೆನ್ನೆ ಊದಿತ್ತು. ನಾನು ಇಂಜೆಕ್ಷನ್ ಹಿಡಿದು ತಿರುಗಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಇದ್ದರು, ಇಬ್ಬರ ಬಾಯೂ ಮುಚ್ಚಿತ್ತು. ಮುನಿಸಿಕೊಂಡವರಲ್ಲವೇ, ಮಾತಿಲ್ಲ ಎಂದುಕೊಂಡೆ.

ಆಂಬುಲೆನ್ಸಿನಲ್ಲಿ ರೋಗಿಯ ಜೊತೆ ಮನೆಯವರಲ್ಲಿ ಒಬ್ಬರಿಗೇ ಜಾಗ. ಮಗ, ಲೀಲಾಳನ್ನು ಕರೆದುಕೊಂಡು ಕಾರಿನಲ್ಲಿ ಹಿಂದೆ ಬರುವುದೆಂದಾಯಿತು. ಆಂಬುಲೆನ್ಸಿಗೆ ನಾನು ಹತ್ತುತ್ತೇನೆ ಎಂದು ಸಿದ್ಧಲಿಂಗಪ್ಪ ಯಾರನ್ನೂ ಕೇಳದೆ ಹತ್ತಿ ಕೂತರು. ನಾನೂ ಹತ್ತಿದೆ. ದಾವಣಗೆರೆಯವರೆಗೆ ರೋಗಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಕೊಟ್ಟೂರು ದಾಟುವವರೆಗೆ ಎಲ್ಲ ಸರಿಯಿತ್ತು. ನೋವು ಸ್ವಲ್ಪ ಇಳಿದಿತ್ತು, ನಾಡಿ ಸರಿಯಿತ್ತು. ಆಮೇಲೆ ನೋಡುತ್ತೇನೆ, ಸಿದ್ಧಲಿಂಗಪ್ಪ ಮತ್ತೆ ಮತ್ತೆ ಟವೆಲನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಾರೆ. ಬಿಳಿಯ ಟವೆಲು ಅರ್ಧ ಕೆಂಪಾಗಿತ್ತು. ವಿಚಾರಿಸಿದೆ. ಹಲ್ಲು ಕಿತ್ತ ಜಾಗದ ರಕ್ತ ಮಧ್ಯಾಹ್ನಕ್ಕೆ ಮುಂಚೆಯೇ ನಿಂತಿತ್ತಂತೆ, ಈಗ ಮತ್ತೆ ಶುರುವಾಗಿದೆ. ಅರಿವೆಯ ತುಂಡು ಮಡಿಚಿ ಕೊಟ್ಟು ಕಚ್ಚಿಕೊಳ್ಳಿ ಎಂದೆ. ಅದೂ ತೊಯ್ದಿತು. ನಿಂತ ರಕ್ತ ಯಾಕೆ ಮತ್ತೆ ಬಂತು? ಬಿಪಿ, ಸಕ್ಕರೆ, ಹೃದಯ ಅಂತ ಯಾವುದಾದರೂ ಗುಳಿಗೆ ನುಂಗುತ್ತೀರೇನು ಎಂದರೆ ಇಲ್ಲವೆಂದು ತಲೆಯಾಡಿಸಿದರು. ಕೊಟ್ರಪ್ಪನ ಕಡೆ ತಿರುಗಿದೆ. ಅವರು ಆಂಬುಲೆನ್ಸಿನ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಡಾಕ್ಟರು ಕೊಟ್ಟ ಗುಳಿಗೆ ಎಲ್ಲ ತಿಂದಿರಾ ಸಾವ್ಕಾರರೇ ಎಂದೆ. ತಿಂದೆ ಎಂದರು. ಎಷ್ಟು ಎಂದರೆ, ಕೊಟ್ಟಷ್ಟು ಎಂದರು. ವ್ಯಾಪಾರಿಯ ಬಾಯಿಂದ ನಿಜ ಹೊರಡಿಸುವುದು ನನಗೆ ಹೊಸದಲ್ಲ. ಓಣಿಯಲ್ಲಿ ಶೇಂಗಾ ಎಣ್ಣೆ ಅವರಿಂದಲೇ ಕೊಳ್ಳುತ್ತಿದ್ದವಳು.

'ಹಂಗಾದ್ರ ಹೇಳ್ರಿ, ಆ ಬಿಳೀ ಗುಳಿಗಿ ಅಗದಾಗ ರುಚಿ ಹೆಂಗಿತ್ತು?' ಎಂದೆ.

ಕೊಟ್ರಪ್ಪ ಪರೀಕ್ಷೆಯಲ್ಲಿ ಕೂತ ಹುಡುಗನ ಹಾಗೆ ಪಕ್ಕಕ್ಕೆ ನೋಡಿದರು. ಬೀಗರು ಇಕ್ಕಟ್ಟಿನಲ್ಲಿದ್ದಾರೆ ಎಂದು ಕಂಡ ಸಿದ್ಧಲಿಂಗಪ್ಪ, ಪಾಪ, ಸಹಾಯಕ್ಕೆ ಬಂದರು. ಬಾಯಲ್ಲಿದ್ದ ಅರಿವೆಯ ಸಂದಿಯಿಂದಲೇ ಹೇಳಿದರು: 'ಹುಳಿ ಇತ್ತರಿ.'

ತಾವೇನು ಹೇಳಿದೆವೆಂದು ಸಿದ್ಧಲಿಂಗಪ್ಪನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿಟಕಿಯ ಕಡೆ ತಿರುಗಿ ಕೂತರು.

ನಡೆದದ್ದು ನನಗೆ ಕಣ್ಣಿಗೆ ಕಟ್ಟಿತು. ನಮ್ಮ ಕಡೆ ಎದುರಿಗೆ ಮನುಷ್ಯ ನಿಂತಿರುವಾಗ ಯಾರೂ ಒಬ್ಬರೇ ಬಾಯಿಗೆ ಏನನ್ನೂ ಹಾಕಿಕೊಳ್ಳುವುದಿಲ್ಲ. ಬಸ್ಸಿನಲ್ಲಿ ಶೇಂಗಾ ಸುಲಿದರೂ ಪಕ್ಕದವನ ಮುಂದೆ ಮೊದಲು ಅಂಗೈ ಹಿಡಿಯುತ್ತೇವೆ. ಎದುರಿಗೆ ಬೀಗರೇ ಇದ್ದರೆ ಕೇಳಬೇಕೇ? ಚಿಕ್ಕ ಡಾಕ್ಟರಿಗೆ ಫೋನ್ ಹಚ್ಚಿದೆ. 'ನಾನೇ ಕೈಗೆ ಕೊಟ್ಟಿದ್ದೇನೆ ಮಾರ್ರೆ' ಎಂದರು. ಅವರ ಊರಿನಲ್ಲಿ ಕೈಗೆ ಕೊಟ್ಟದ್ದು ನೇರ ಬಾಯಿಗೆ ಹೋಗುತ್ತದೆಯೆಂದು ಕಾಣುತ್ತದೆ.

ದಾವಣಗೆರೆಯ ಡಾಕ್ಟರಿಗೆ ವಿಷಯ ತಿಳಿಸಿದೆ. ರೋಗಿಯ ಗುಳಿಗೆಯನ್ನು ಬೀಗರು ತಿಂದಿದ್ದಾರೆ ಎಂದು ಎರಡು ಸಲ ಹೇಳಬೇಕಾಯಿತು. ಅವರು ನಗಲಿಲ್ಲ. ರೋಗಿ ಎಷ್ಟು ತಿಂದಿದ್ದಾರೋ ಖಾತ್ರಿ ಇಲ್ಲವೆಂದರೆ ಮತ್ತೆ ಪೂರ್ತಿ ಕೊಡಿ, ಹೆಚ್ಚೆಂದರೆ ನಾವು ಇಲ್ಲಿ ಕೊಡುವಷ್ಟೇ ಆಗುತ್ತದೆ, ಕೊಡದೆ ಮಾತ್ರ ನನ್ನ ಮೇಜಿಗೆ ತರಬೇಡಿ, ಬೀಗರಿಗೆ ಅರಿವೆ ಬಿಗಿಯಾಗಿ ಕಚ್ಚಿಸಿಡಿ ಎಂದರು. ಆಂಬುಲೆನ್ಸಿನ ಪೆಟ್ಟಿಗೆಯಲ್ಲಿ ಗುಳಿಗೆಗಳಿದ್ದವು. ತೆಗೆದು ಕೊಟ್ರಪ್ಪನ ಮುಂದೆ ಹಿಡಿದೆ. ಅವರು ಬಾಯಿ ಬಿಗಿದುಕೊಂಡರು.

ತಾನು ಆಗಲೇ ತಿಂದಾಗಿದೆ, ಮತ್ತೆ ತಿಂದರೆ ಹೆಚ್ಚಾಗುತ್ತದೆ ಎಂದು ಒಂದೇ ಹಟ. ನನಗೆ ಗೊತ್ತಿತ್ತು. ಈಗ ತಿಂದರೆ ಆಗ ತಿಂದಿಲ್ಲವೆಂದು ಒಪ್ಪಿದ ಹಾಗೆ. ಸಾಯಲು ಬಿದ್ದವನ ಔಷಧ ಬೀಗ ತಿಂದ ಎಂದು ಊರು ಆಡಿಕೊಳ್ಳುತ್ತದೆ. ಬೀಗರ ಮಾನ ಕಾಯಲು ಈ ಮನುಷ್ಯ ಜೀವ ಕೊಡಲು ತಯಾರಾಗಿದ್ದ. ಇಷ್ಟು ಮರ್ಯಾದೆ ಗೃಹಪ್ರವೇಶದ ದಿನ ಎಲ್ಲಿ ಹೋಗಿತ್ತೋ. ಇಸಿಜಿಯ ಪರದೆಯ ಮೇಲೆ ಗೆರೆ ಅಡ್ಡಾದಿಡ್ಡಿ ಆಗತೊಡಗಿತು, ಅವರ ಹಣೆಯಲ್ಲಿ ಮತ್ತೆ ಬೆವರು ಬಂತು. ನನಗೆ ಭಯ, ಸಿಟ್ಟು ಎರಡೂ ಒಟ್ಟಿಗೆ ಬಂದವು.

'ಸಾವ್ಕಾರ್ರ, ಈ ಗುಳಿಗಿ ಹೊಟ್ಟಿಗೆ ಹೋಗದ ಅಲ್ಲಿ ಜಾಲರಿ ಹಾಕಿದ್ರ ಅದರ ಮ್ಯಾಲ ರಕ್ತ ಹೆಪ್ಪುಗಟ್ಟತೈತಿ. ಮೇಜಿನ ಮ್ಯಾಲ ಜೀವ ಹೋಗತೈತಿ. ಆಮ್ಯಾಲೆ ನೀವು ಯಾರ ಮಾನ ಉಳಿಸ್ತೀರಿ?' ಎಂದು ಗದರಿದೆ.

ಇದನ್ನು ಕೇಳಿ ಎದ್ದವರು ಸಿದ್ಧಲಿಂಗಪ್ಪ. ಓಡುತ್ತಿರುವ ಗಾಡಿಯಲ್ಲಿ ತಲೆ ಚಾವಣಿಗೆ ಬಡಿಯಿತು, ಮತ್ತೆ ಕೂತರು. ಬಾಯಿಯ ಅರಿವೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

'ನಾ ತಿಂದೀನ್ರಿ ಸಿಸ್ಟರ್ರ. ಬಿಳೀದು ತಿಂದೆ, ಕೆಂಪನವು ನಾಕರಾಗ ಒಂದು ಬಿಟ್ಟು ಎಲ್ಲಾ ತಿಂದೆ. ಅವ್ರು ಒಂದ ತಿಂದಾರ. ಔಷಧ ಅಂತ ನನಗ ಗೊತ್ತಿತ್ರಿ. ಹಲ್ಲಿನ ಡಾಕ್ಟರು ಸಂಜೀತನಕ ಏನೂ ತಿನ್ನಬ್ಯಾಡ ಅಂತನೂ ಹೇಳಿದ್ರು.'

ಮತ್ತೆ ಯಾಕೆ ತಿಂದಿರಿ ಎಂದೆ.

'ಅವ್ರು ಕೈ ಚಾಚಿದ್ರು. ಅವತ್ತ ಬ್ಯಾಡ ಅಂದು ಎದ್ದು ಬಂದಿದ್ದೆ. ಇವತ್ತ ಹೆಂಗ ಬ್ಯಾಡ ಅನ್ನಲ್ರಿ?'

ಅಷ್ಟು ಹೇಳಿ ಅವರು ಅಳತೊಡಗಿದರು. ರಕ್ತ, ಕಣ್ಣೀರು ಎರಡನ್ನೂ ಅದೇ ಟವೆಲಿನಲ್ಲಿ ಒರೆಸಿಕೊಂಡು ಮುಖವೆಲ್ಲ ಕೆಂಪಾಯಿತು. ಚಾಲಕ ಕನ್ನಡಿಯಲ್ಲಿ ನೋಡಿ, ಯಾರು ರೋಗಿ ಎಂದು ತಿಳಿಯದೆ ವೇಗ ಹೆಚ್ಚಿಸಿದ. ಕೊಟ್ರಪ್ಪ ಮಲಗಿದಲ್ಲಿಂದಲೇ ಕೈ ನೀಡಿ ಬೀಗರ ಮೊಣಕಾಲು ಹಿಡಿದರು.

'ನನಗೂ ಗೊತ್ತಿತ್ತು ಬಿಡ್ರಿ ಬೀಗರ' ಎಂದರು. 'ಮನಿಯಾಗ ಕೊಟ್ರ ನೀವು ಮುಟ್ಟಂಗಿಲ್ಲ. ಉಳೀತೀನೋ ಇಲ್ಲೋ, ಒಂದ್ಸಲ ಕೊಟ್ಟು ನೋಡೂಣು ಅನಸ್ತು. ಆಗ ಕೈಯಾಗ ಅದ ಇತ್ತು.'

ಅವರಿಬ್ಬರಿಗೂ ಒಂದೊಂದು ಬಾರಿಸಬೇಕೆನ್ನಿಸಿತು ನನಗೆ. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಅದು ಬೇರೆ. ಡಾಕ್ಟರುಗಳ ಹೊರತು ಈ ಮಾತು ಗಾಡಿಯಿಂದ ಹೊರಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ರಪ್ಪ ತಿನ್ನುತ್ತೇನೆ ಎಂದು ಅಂಗೈ ಒಡ್ಡಿದರು. ಗುಳಿಗೆ ಹಾಕಿದೆ. ಏನಾಯಿತು ಹೇಳಿ? ಆ ಕೈ ತನ್ನಷ್ಟಕ್ಕೆ ತಾನೇ ಬೀಗರ ಕಡೆ ಹೊರಟಿತು. ಅಷ್ಟು ವರ್ಷದ ರೂಢಿ, ಅದಕ್ಕೆ ಮಾನವೂ ಗೊತ್ತಿಲ್ಲ, ಪ್ರಾಣವೂ ಗೊತ್ತಿಲ್ಲ. ಮಣಿಕಟ್ಟು ಹಿಡಿದು ಜಗ್ಗಿದೆ. ಹರಪನಹಳ್ಳಿ ಹೊರಗೆ ಗಾಡಿ ನಿಲ್ಲಿಸಿ, ಸಿದ್ಧಲಿಂಗಪ್ಪನವರನ್ನು ಇಳಿಸಿ ಮುಂದೆ ಚಾಲಕನ ಪಕ್ಕ ಕೂರಿಸಿದೆ. ಆಮೇಲೆ ದುರುಗವ್ವನ ವಿದ್ಯೆ ನೆನೆದು, ಒಂದೊಂದೇ ಗುಳಿಗೆಯನ್ನು ನಾನೇ ಸಾವ್ಕಾರರ ಬಾಯಿಗೆ ಹಾಕಿ, ಅಗಿಸಿ, ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡಿದೆ. ಹುಡುಗಿಯರೇ, ಇದನ್ನು ಮಾತ್ರ ಮರೆಯಬೇಡಿ. ಗುಳಿಗೆಯನ್ನು ಕೈಗೆ ಕೊಡಬೇಡಿ, ಬಾಯಿಗೆ ಹಾಕಿ. ಹಾಕುವಾಗ ಎದುರಿಗೆ ನೆಂಟರು ನಿಂತಿದ್ದರೆ ಮೊದಲು ಅವರನ್ನು ಹೊರಗೆ ಕಳಿಸಿ.

ದಾವಣಗೆರೆಯಲ್ಲಿ ಸಾವ್ಕಾರರನ್ನು ನೇರ ಒಳಗೆ ಒಯ್ದರು. ಸಿದ್ಧಲಿಂಗಪ್ಪನ ಒಸಡಿಗೆ ಅಲ್ಲೇ ಹೊಲಿಗೆ ಹಾಕಿಸಿ, ಕೆನ್ನೆಯ ಮೇಲೆ ಮಂಜುಗಡ್ಡೆ ಇಟ್ಟು ಬಾಗಿಲ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಮಾತಾಡಬಾರದು ಎಂದಿದ್ದರಿಂದ ಅವರು ಬಾಗಿಲನ್ನೇ ನೋಡುತ್ತಾ ಕೂತರು. ನಾನು ಪಕ್ಕದಲ್ಲಿ ಕೂತು ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ನಾಳ ತೆರೆದಿದೆ, ಜಾಲರಿ ಕೂತಿದೆ, ರಕ್ತ ಚೆನ್ನಾಗಿ ಹರಿಯುತ್ತಿದೆ, ಗಂಡಾಂತರ ಕಳೆಯಿತು ಎಂದರು. ಬೆಂಚಿನಲ್ಲಿದ್ದವರನ್ನು ನೋಡಿ, ಇವರೇನಾ ಆ ಬೀಗರು ಎಂದು ಕೇಳಿ, ಆಗ ನಕ್ಕರು. ಸಿದ್ಧಲಿಂಗಪ್ಪ ಎದ್ದು ಎರಡೂ ಕೈ ಜೋಡಿಸಿದರು.

ಅಷ್ಟರಲ್ಲಿ ಲೀಲಾ, ಅವಳ ಗಂಡ ಓಡುತ್ತಾ ಬಂದರು. ದಾರಿಯಲ್ಲಿ ಅವರ ಕಾರಿನ ಟಯರು ಪಂಕ್ಚರ್ ಆಗಿತ್ತು. ಮಗ, ಅಪ್ಪನನ್ನು ನೋಡಲು ಡಾಕ್ಟರ ಹಿಂದೆ ಹೋದ. ಲೀಲಾ ತನ್ನ ಅಪ್ಪನ ಕಡೆ ನೋಡಿ ಬೆಚ್ಚಿದಳು. ಊದಿದ ಕೆನ್ನೆ, ಅಂಗಿಯ ತುಂಬ ರಕ್ತದ ಕಲೆ, ಮೇಲಾಗಿ ಮಾತಿಲ್ಲ. ಏನಾಯಿತು, ಅಪ್ಪ ಯಾಕೆ ಹೀಗಿದ್ದಾರೆ ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದಳು. ಸಿದ್ಧಲಿಂಗಪ್ಪ ಬೇಡ ಎಂದು ನನಗೆ ಕಣ್ಸನ್ನೆ ಮಾಡಿದರು. ಗಾಡಿಯಲ್ಲಿ ನಾನು ಕೊಟ್ಟ ಮಾತು ನನಗೆ ನೆನಪಿತ್ತು. ಆದರೆ ಆರಿಹೋದ ಆ ಚಹಾ ಲೋಟಗಳ ಕಥೆ ಕೇಳುತ್ತಾ ಬಂದವಳು ನಾನು. ಅವಳಿಗೆ ಹೇಳದೆ ಯಾರಿಗೆ ಹೇಳಲಿ? ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಬೈಯುತ್ತಾಳೆ, ಇಲ್ಲವೆ ನಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಅಪ್ಪನ ಪಕ್ಕ ಬೆಂಚಿನಲ್ಲಿ ಕೂತು ನನ್ನನ್ನು ಕೇಳಿದಳು.

'ನಮ್ಮ ಮಾವಾರು ಕೊಟ್ಟದ್ದು ನಮ್ಮಪ್ಪಾರು ತಿಂದ್ರಾ ಸಿಸ್ಟರ್ರ?'

'ತಿಂದ್ರವ್ವ' ಎಂದೆ.

'ಬ್ಯಾಡ ಅನ್ನಲಿಲ್ಲಾ?'

'ಒಂದ್ಸಲನೂ ಅನ್ನಲಿಲ್ಲ.'

ಲೀಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಯಾರೋ ತೀರಿಕೊಂಡರೆಂದು ತಿಳಿದು ಪಕ್ಕದ ಬೆಂಚಿನವರು ಎದ್ದು ಬಂದು ಅವಳಿಗೆ ಸಮಾಧಾನ ಹೇಳತೊಡಗಿದರು.